ಚೆಕೋವ್ ಆಗ ಎಲ್ಲಿದ್ದ? ಕಥೆಯ ತೂತುಗಳೂ ಪ್ರೇಕ್ಷಕರ ಲೆಕ್ಕವೂ



ದತ್ತಿ ಉಪನ್ಯಾಸವೆಂದರೆ ನಂದಳಿಕೆಯ ಮುದ್ದಣನ ಬಗೆಗೋ ಮಂಜೇಶ್ವರದ ಗೋವಿಂದ ಪೈಗಳ ಬಗೆಗೋ ಮಾತಾಡುವುದು ನಮ್ಮಲ್ಲಿ ರೂಢಿ. ಅಮೆರಿಕದ ಒಂದು ಟೀವಿ ಧಾರಾವಾಹಿಯ ಒಂದೇ ಕಂತಿನ ತಪ್ಪುಗಳನ್ನು ಕುರಿತು ಮಾತಾಡುತ್ತೇನೆ ಎಂದಾಗ ಸಂಘಟಕರು ಹುಬ್ಬೇರಿಸದೆ ಒಪ್ಪಿಕೊಂಡರು. ಅದು ಅವರ ದೊಡ್ಡತನ. ಆದರೆ ವಿಷಯ ಕೇಳಿದೊಡನೆ ಅನಿಸುವಷ್ಟು ಪರದೇಶದ್ದಲ್ಲ. ಸಿನಿಮಾ ಮುಗಿಸಿ ಹೊರಗೆ ಬಂದು, ಸ್ಕೂಟರಿಗೆ ಕೀಲಿ ಹಾಕುವ ಮೊದಲೇ ‘ಎಂಥದ್ದು ಮಾರಾಯ್ರೆ, ಲಾಜಿಕ್ಕೇ ಇಲ್ಲ’ ಎಂದು ತೀರ್ಪು ಕೊಡುವ ಜನ ನಾವು. ತಾಳಮದ್ದಲೆಯಲ್ಲಿ ಎದುರಾಳಿಯ ಮಾತಿನ ಸಂದಿ ಹುಡುಕುವುದನ್ನು ರಾತ್ರಿಯಿಡೀ ಕೂತು ಸವಿದ ಜನವೂ ನಾವೇ. ಕಥೆಯಲ್ಲಿ ತೂತು ಕಾಣುವ ಕಣ್ಣು ಈ ಕರಾವಳಿಗೆ ಹೊಸತಲ್ಲ.

ಇಂದಿನ ಮಾತಿನ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಚಿತ್ರೀಕರಣದವರು ಕಂಟಿನ್ಯುಟಿ ಎನ್ನುವ ಸಂಗತಿಯನ್ನು ನಮ್ಮ ಊರುಗಳ ಉದಾಹರಣೆಗಳ ಮೂಲಕ ಸ್ವಲ್ಪ ನೋಡೋಣ. ಆಮೇಲೆ 1967ರ ಆ ಕಂತಿಗೆ ಬರುತ್ತೇನೆ. ಹೆಚ್ಚು ಹೊತ್ತು ಅಲ್ಲೇ ಇರುತ್ತೇನೆ. ಅನಂತರ ತೂತುಗಳನ್ನು ಮುಚ್ಚುವವರು ಯಾರು ಎಂಬ ಪ್ರಶ್ನೆ. ಕೊನೆಗೆ, ಕಾಲದ ಲೆಕ್ಕ ತಪ್ಪಿದಾಗ ನಮ್ಮ ಪುರಾಣಕಾರರು ಏನು ಮಾಡಿದರು ಎಂಬುದು. ನನ್ನ ವಾದ ಚಿಕ್ಕದು. ಕಥೆಯನ್ನು ಅಳೆಯುವ ಕೋಲು ಲೋಕದ ಸತ್ಯವಲ್ಲ, ಆ ಕಥೆ ತಾನೇ ಕೊಟ್ಟ ಮಾತು. ವೈಜ್ಞಾನಿಕ ಕಥೆ ಮಾತು ಕೊಡುವುದರಲ್ಲಿ ಬಹಳ ಧಾರಾಳಿ. ಹಾಗಾಗಿ ಅದು ಸಿಕ್ಕಿಬೀಳುವುದೂ ಹೆಚ್ಚು.

ಮೊದಲು ಕಂಟಿನ್ಯುಟಿ. ಸಿನಿಮಾ, ಧಾರಾವಾಹಿಗಳನ್ನು ಕಥೆಯ ಅನುಕ್ರಮದಲ್ಲಿ ಚಿತ್ರೀಕರಿಸುವುದಿಲ್ಲ ಎಂಬುದು ನಿಮಗೆ ಗೊತ್ತಿದೆ. ಮನೆಯೊಳಗಿನ ದೃಶ್ಯಗಳೆಲ್ಲ ಒಂದು ವಾರ, ಕಡಲತೀರದ್ದೆಲ್ಲ ಇನ್ನೊಂದು ವಾರ. ನಾಯಕ ಬಾಗಿಲು ತೆರೆದು ಹೊರಗೆ ಕಾಲಿಟ್ಟದ್ದು ಡಿಸೆಂಬರಿನಲ್ಲಿ, ಅಂಗಳಕ್ಕೆ ಇಳಿದದ್ದು ಫೆಬ್ರವರಿಯಲ್ಲಿ ಆಗಿರಬಹುದು. ನಡುವೆ ಅಂಗಿಯ ಗುಂಡಿ, ಕೈಗಡಿಯಾರದ ಮುಳ್ಳು, ಲೋಟದಲ್ಲಿ ಉಳಿದ ಚಹದ ಮಟ್ಟ ಯಾವುದೂ ಬದಲಾಗಬಾರದು. ಇದನ್ನು ಬರೆದಿಟ್ಟುಕೊಳ್ಳಲೆಂದೇ ಒಬ್ಬರು ಇರುತ್ತಾರೆ. ಹಾಲಿವುಡ್‌ನಲ್ಲಿ ಅವರು ಸ್ಕ್ರಿಪ್ಟ್ ಸೂಪರ್‌ವೈಸರ್; ನಮ್ಮಲ್ಲಿ ಹೆಚ್ಚಾಗಿ ಈ ಭಾರ ಒಬ್ಬ ಸಹಾಯಕ ನಿರ್ದೇಶಕರ ತಲೆಗೆ. ಹಿಂದೆ ಪೋಲರಾಯ್ಡ್ ಚಿತ್ರ ತೆಗೆದು ಪುಸ್ತಕಕ್ಕೆ ಅಂಟಿಸಿಕೊಳ್ಳುತ್ತಿದ್ದರು. ಈಗ ಮೊಬೈಲು ಸಾಕು. ಹುಲಿವೇಷದ ದೃಶ್ಯ ತೆಗೆಯಬೇಕಾದಾಗ ಈ ಸಹಾಯಕರ ಪಾಡನ್ನು ನೆನೆಯಿರಿ. ಮೈಮೇಲಿನ ಒಂದೊಂದು ಪಟ್ಟೆಯೂ ಮಾರನೆಯ ದಿನ ಅದೇ ಜಾಗದಲ್ಲಿ ಇರಬೇಕು, ಬಣ್ಣ ಬಳಿಯುವವರಿಗೋ ಪ್ರತಿ ಸಲವೂ ಕೈ ಬೇರೆ ದಾರಿಯಲ್ಲಿ ಓಡುತ್ತದೆ.

ಇವೆಲ್ಲ ಕ್ಯಾಮೆರಾ ಮುಂದಿನ ವಸ್ತುಗಳು. ಜಾಗವೇ ಸಾಕ್ಷಿ ಹೇಳುವ ಸಂದರ್ಭಗಳೂ ಇವೆ. ಕಾಪುವಿನ ದೀಪಸ್ತಂಭ 1901ರದು. ಅಲ್ಲಿ ಬೆಳಗಿನ ಬಿಸಿಲು ಬೀಳುವುದು ಊರಿನ ಕಡೆಯ ಮುಖದ ಮೇಲೆ, ಸಂಜೆಯದು ಕಡಲಿನ ಕಡೆಯ ಮುಖದ ಮೇಲೆ. ‘ಮುಂಜಾನೆ’ ಎಂದು ಹೇಳಿ ಕಡಲಿನ ಮುಖ ಹೊಳೆಯುವುದನ್ನು ತೋರಿಸಿದರೆ ಬೆಂಗಳೂರಿನವರು ಸುಮ್ಮನಿರಬಹುದು, ಕಾಪುವಿನವರು ಸುಮ್ಮನಿರುವುದಿಲ್ಲ. ಮಲ್ಪೆಯ ನೀರಿನ ಮೇಲೆ ಸೂರ್ಯೋದಯವಾಗುವ ಹಾಡುಗಳನ್ನು ನೀವೂ ನೋಡಿದ್ದೀರಿ. ನಮ್ಮ ಸೂರ್ಯ ಘಟ್ಟದಿಂದ ಏಳುವವನು. ಜುಲೈ ತಿಂಗಳ ಕಥೆಯಲ್ಲಿ ಮಲ್ಪೆ ಬಂದರಿನಿಂದ ಟ್ರಾಲ್‌ಬೋಟುಗಳು ಸಾಲಾಗಿ ಹೊರಟರೆ ಮೀನುಗಾರರ ಮನೆಯ ಮಕ್ಕಳೇ ನಕ್ಕಾರು. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಉಡುಪಿಯ ಅಷ್ಟಮಿಯೂ ಹೀಗೆಯೇ: ಮಠದ ಆಚರಣೆ ಸೌರಮಾನದ್ದು, ದೇಶದ ಕ್ಯಾಲೆಂಡರಿನ ಕೆಂಪು ದಿನಕ್ಕೂ ನಮ್ಮ ವಿಟ್ಲಪಿಂಡಿಗೂ ಎಷ್ಟೋ ವರ್ಷ ತಿಂಗಳ ಅಂತರ ಬೀಳುತ್ತದೆ. ಇನ್ನು ಕಾರ್ಕಳ. ಮೇಲಿನ ಬೆಟ್ಟದ ಗೊಮ್ಮಟ 42 ಅಡಿ, 1432ರಲ್ಲಿ ನಿಂತವನು. ವೇಣೂರಿನವನು 1604ರವನು, ಅವನಿಗಿಂತ ಕುಳ್ಳ. ಹತ್ತಿರದ ದೃಶ್ಯಕ್ಕೆ ಒಬ್ಬ, ದೂರದ ದೃಶ್ಯಕ್ಕೆ ಇನ್ನೊಬ್ಬ ಎಂದು ಬೆಸೆದರೆ ಹೊರಗಿನವರಿಗೆ ತಿಳಿಯದು. ಕಾರ್ಕಳದ ಚತುರ್ಮುಖ ಬಸದಿಯಲ್ಲಿ ಮಾತ್ರ ನಿರ್ದೇಶಕರಿಗೆ ಅಭಯವಿದೆ. 1586ರ ಆ ಕಟ್ಟಡಕ್ಕೆ ನಾಲ್ಕು ದಿಕ್ಕಿಗೂ ಒಂದೇ ಬಗೆಯ ಮುಖ. ಪೂರ್ವದಿಂದ ಹೊಕ್ಕವರು ಉತ್ತರದಿಂದ ಹೊರಬಂದರೂ ಕ್ಯಾಮೆರಾ ಬಾಯಿ ಬಿಡುವುದಿಲ್ಲ.

ಇಷ್ಟಾಗಿಯೂ ಇವು ಕಥೆಯ ತೂತುಗಳಲ್ಲ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ಸೂರ್ಯ ತಪ್ಪು ದಿಕ್ಕಿನಲ್ಲಿ ಹುಟ್ಟಿದರೂ ನಾಯಕಿ ಮನೆ ಬಿಟ್ಟುಹೋದ ಕಾರಣ ಬದಲಾಗದು. ಹೊಲಿಗೆ ಬಿಟ್ಟಿದೆ, ಬಟ್ಟೆ ಹರಿದಿಲ್ಲ. ಪಾತ್ರವೊಂದು ಮಾಡಿದ ಕೆಲಸಕ್ಕೆ ಆ ಕಥೆಯ ಒಳಗೇ ಕಾರಣ ಸಿಗದೆ ಹೋದಾಗ, ಆ ಕಾರಣ ಬಿದ್ದುಹೋದರೆ ಮುಂದಿನದೆಲ್ಲ ಬಿದ್ದುಹೋಗುವಂತಿದ್ದಾಗ, ಅದು ನಿಜವಾದ ತೂತು. ಈ ಎರಡನ್ನೂ ಒಂದೇ ಉಸಿರಿನಲ್ಲಿ ‘ಲಾಜಿಕ್ ಇಲ್ಲ’ ಎಂದುಬಿಡುವುದು ನಮ್ಮ ವಿಮರ್ಶೆಯ ಒಂದು ಸೋಮಾರಿತನ.

ಈಗ ಕಂತಿಗೆ ಬರೋಣ. ಧಾರಾವಾಹಿ ‘ಸ್ಟಾರ್ ಟ್ರೆಕ್’. ಎಂಬತ್ತರ ದಶಕದಲ್ಲಿ ನಮ್ಮ ದೂರದರ್ಶನದಲ್ಲೂ ಬಂದದ್ದರಿಂದ ಇಲ್ಲಿನ ಕೆಲವು ಹಿರಿಯರಿಗೆ ನೆನಪಿದ್ದೀತು. 1966ರಿಂದ 1969ರ ತನಕ ಪ್ರಸಾರವಾದದ್ದು 79 ಕಂತು. ನಾನು ಆಯ್ದುಕೊಂಡದ್ದು ಮೊದಲ ವರ್ಷದ ‘ಸ್ಪೇಸ್ ಸೀಡ್’. ಪ್ರಸಾರವಾದದ್ದು 16 ಫೆಬ್ರವರಿ 1967ರಂದು. ಕಥೆ ಹೀಗಿದೆ. ಎಂಟರ್‌ಪ್ರೈಸ್ ಎಂಬ ನೌಕೆಗೆ ಬಾಹ್ಯಾಕಾಶದಲ್ಲಿ ತೇಲುತ್ತಿರುವ ಒಂದು ಹಳೆಯ ಹಡಗು ಸಿಗುತ್ತದೆ. ಅದರಲ್ಲಿ ಶತಮಾನಗಳಿಂದ ನಿದ್ರಿಸುತ್ತಿರುವ ಜನ. ಅವರ ಮುಖಂಡ ಎಚ್ಚರಗೊಳ್ಳುತ್ತಾನೆ. ಅವನ ಹೆಸರು ಖಾನ್ ನೂನಿಯನ್ ಸಿಂಗ್. ನೌಕೆಯ ಇತಿಹಾಸತಜ್ಞೆ ಮಾರ್ಲಾ ಮಗಿವರ್ಸ್ ಅವನನ್ನು ನೋಡಿ, ಉತ್ತರ ಭಾರತದವನು, ಬಹುಶಃ ಸಿಖ್ಖನಿರಬೇಕು ಎನ್ನುತ್ತಾಳೆ. ಗಡ್ಡವಿಲ್ಲ, ಪೇಟವಿಲ್ಲ, ಹೆಸರಿನಲ್ಲಿ ಖಾನೂ ಉಂಟು ಸಿಂಗೂ ಉಂಟು. ಪಾತ್ರ ಮಾಡಿದವರು ಮೆಕ್ಸಿಕೋದಲ್ಲಿ ಹುಟ್ಟಿದ ರಿಕಾರ್ಡೊ ಮೊಂಟಲ್ಬಾನ್. ಇತಿಹಾಸತಜ್ಞೆಯ ತಜ್ಞತೆಯ ಮೇಲೆ ನಮಗೆ ಅನುಮಾನ ಹುಟ್ಟುವುದು ಅಲ್ಲಿಂದಲೇ. ಆದರೆ ಮೊಂಟಲ್ಬಾನ್ ಅವರ ಠೀವಿ ಎಂಥದ್ದೆಂದರೆ ಅವರು ಪರದೆಯ ಮೇಲಿರುವಷ್ಟು ಹೊತ್ತು ಅನುಮಾನಕ್ಕೆ ಪುರುಸೊತ್ತಿಲ್ಲ.

ಖಾನ್ ವಂಶವಾಹಿಗಳನ್ನು ತಿದ್ದಿ ಹುಟ್ಟಿಸಿದ ಅತಿಮಾನವ. ಅವನು ನೌಕೆಯನ್ನೇ ವಶಪಡಿಸಿಕೊಳ್ಳುತ್ತಾನೆ, ಮಾರ್ಲಾ ಅವನಿಗೆ ಒಲಿದು ನೆರವಾಗುತ್ತಾಳೆ, ಕೊನೆಗೆ ಮನಸ್ಸು ಬದಲಿಸಿ ನಾಯಕ ಕರ್ಕ್‌ನ ಜೀವ ಉಳಿಸುತ್ತಾಳೆ. ಸೋತ ಖಾನನನ್ನು ಕರ್ಕ್ ಜೈಲಿಗೆ ಕಳಿಸದೆ ಸೆಟಿ ಆಲ್ಫಾ ಐದು ಎಂಬ ಕಾಡುಗ್ರಹದಲ್ಲಿ ಬಿಡುತ್ತಾನೆ. ಹದಿನೈದು ವರ್ಷ ಕಳೆದು, 1982ರಲ್ಲಿ, ನಿರ್ಮಾಪಕ ಹಾರ್ವ್ ಬೆನೆಟ್ ಹಳೆಯ 79 ಕಂತುಗಳನ್ನೂ ಕುಳಿತು ನೋಡಿ, ಇದನ್ನೇ ಆಯ್ದು, ನಿಕೋಲಸ್ ಮೇಯರ್ ನಿರ್ದೇಶನದಲ್ಲಿ ಸಿನಿಮಾ ಮಾಡಿಸಿದರು: ‘ದ ರಾತ್ ಆಫ್ ಖಾನ್’. ಅದರಲ್ಲಿ ಚೆಕೋವ್ ಎಂಬ ಅಧಿಕಾರಿ ಆ ಗ್ರಹಕ್ಕೆ ಇಳಿದು ಖಾನನ ಕೈಗೆ ಸಿಗುತ್ತಾನೆ. ಖಾನ್ ಅವನ ಮುಖವನ್ನು ದಿಟ್ಟಿಸಿ, ಗುರುತು ಹಿಡಿದು, ಹೆಸರು ಹೇಳುತ್ತಾನೆ. ಚಿತ್ರಮಂದಿರದಲ್ಲಿ ಅಭಿಮಾನಿಗಳು ಎದ್ದು ಕೂತದ್ದು ಆಗ. ಚೆಕೋವ್ ಪಾತ್ರದ ನಟ ವಾಲ್ಟರ್ ಕೋನಿಗ್ ಧಾರಾವಾಹಿಗೆ ಸೇರಿದ್ದೇ ಎರಡನೆಯ ವರ್ಷ. ಖಾನನ ಕಂತಿನಲ್ಲಿ ಆತ ಇಲ್ಲವೇ ಇಲ್ಲ. ಕಾಣದ ಮನುಷ್ಯನ ಮುಖ ನೆನಪಿರುವುದು ಹೇಗೆ?

ವೈಜ್ಞಾನಿಕ ಕಥಾಲೋಕದ ಅತ್ಯಂತ ಪ್ರಸಿದ್ಧ ತೂತು ಇದೇ ಇರಬೇಕು. ಇದನ್ನು ಮುಚ್ಚಲು ನಡೆದ ಪ್ರಯತ್ನಗಳು ತಪ್ಪಿಗಿಂತ ರುಚಿಕರ. ಚೆಕೋವ್ ಆಗಲೂ ನೌಕೆಯಲ್ಲೇ ಇದ್ದ, ಕೆಳಗಿನ ಯಾವುದೋ ಅಂತಸ್ತಿನಲ್ಲಿ, ಬೇರೆ ಪಾಳಿಯಲ್ಲಿ, ಕ್ಯಾಮೆರಾಕ್ಕೆ ಸಿಗಲಿಲ್ಲ ಅಷ್ಟೆ ಎಂಬುದು ಒಂದು. ಕೆಲವರು ದಾಖಲೆಯನ್ನೇ ತಂದರು. ಹೆಚ್ಚಿನ ಕಂತುಗಳಲ್ಲಿ ನಾಯಕ ‘ಸ್ಟಾರ್‌ಡೇಟ್’ ಎಂಬ ದಿನಾಂಕ ಹೇಳುತ್ತಾನೆ. ಖಾನನ ಕಂತಿನದು 3141.9. ಚೆಕೋವ್ ಇರುವ ‘ಕ್ಯಾಟ್ಸ್‌ಪಾ’ ಎಂಬ ಕಂತು ಪ್ರಸಾರವಾದದ್ದು ಆಮೇಲೆ, 1967ರ ಅಕ್ಟೋಬರಿನಲ್ಲಿ. ಆದರೆ ಅದರ ದಿನಾಂಕ 3018.2. ಅಂದರೆ ಕಥೆಯ ಪಂಚಾಂಗದ ಪ್ರಕಾರ ಖಾನ್ ಬರುವ ಮೊದಲೇ ಚೆಕೋವ್ ಕೆಲಸಕ್ಕೆ ಸೇರಿಯಾಗಿದೆ! ವಕೀಲರು ಇಷ್ಟು ಚೆನ್ನಾಗಿ ಕಡತ ಓದಿದರೆ ಎಷ್ಟೋ ವ್ಯಾಜ್ಯಗಳು ಬೇಗ ಮುಗಿದಾವು. ಕೋನಿಗ್ ಅವರ ಸ್ವಂತ ಸಮಜಾಯಿಷಿ ಬೇರೆಯೇ. ಚೆಕೋವ್ ಶೌಚಾಲಯದ ಒಳಗೆ ಬಹಳ ಹೊತ್ತು ಕೂತುಬಿಟ್ಟ, ಹೊರಗೆ ಕಾಯುತ್ತ ನಿಂತ ಖಾನ್ ಆ ಮುಖವನ್ನು ಜನ್ಮದಲ್ಲಿ ಮರೆಯಲಿಲ್ಲ ಎಂದು ಅಭಿಮಾನಿಗಳ ಸಭೆಗಳಲ್ಲಿ ಹೇಳಿ ನಗಿಸುತ್ತಿದ್ದರು.

ನನ್ನ ಅಭಿಪ್ರಾಯದಲ್ಲಿ ಇದು ತೂತೇ ಅಲ್ಲ. ನಾಲ್ಕುನೂರಕ್ಕೂ ಹೆಚ್ಚು ಜನರಿರುವ ನೌಕೆಯಲ್ಲಿ ನಮಗೆ ಕಾಣದವನೊಬ್ಬ ಇದ್ದ ಎಂದು ಒಪ್ಪುವುದಕ್ಕೆ ಕಥೆಯ ಯಾವ ಮಾತನ್ನೂ ಮುರಿಯಬೇಕಾಗಿಲ್ಲ. ಮೊದಲ ವರ್ಷದ ಇನ್ನೊಂದು ಕಂತಿನಲ್ಲಿ ಗೋರಿಕಲ್ಲಿನ ಮೇಲೆ ಜೇಮ್ಸ್ ಆರ್ ಕರ್ಕ್ ಎಂದಿದ್ದು ಮುಂದೆ ಜೇಮ್ಸ್ ಟಿ ಕರ್ಕ್ ಆದದ್ದೂ ಇದೇ ಜಾತಿಯ ಹೊಲಿಗೆ ತಪ್ಪು.

ನಿಜವಾದ ತೂತು ಇರುವುದು ಯಾರೂ ಅಷ್ಟಾಗಿ ಜಗಳವಾಡದ ಕಡೆ. ಎಚ್ಚರಗೊಂಡ ಖಾನ್ ನೌಕೆಯ ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಯಾರವನು, ಯಾಕೆ ಮಲಗಿದ್ದ, ಯಾವುದಕ್ಕೂ ನೇರ ಉತ್ತರ ಕೊಟ್ಟಿಲ್ಲ. ಹೊತ್ತು ಕಳೆಯಲು ಓದುವುದಕ್ಕೆ ಏನಾದರೂ ಬೇಕು, ತಾಂತ್ರಿಕ ಕೈಪಿಡಿಗಳಾದರೆ ಒಳ್ಳೆಯದು ಎನ್ನುತ್ತಾನೆ. ನೌಕೆಯ ಗ್ರಂಥಭಂಡಾರ ಯಾವ ರೋಗಿಗೂ ಮುಕ್ತ ಎಂದು ಕರ್ಕ್ ಉದಾರವಾಗಿ ಒಪ್ಪುತ್ತಾನೆ! ಮುಂದೆ ಖಾನ್ ನೌಕೆಯನ್ನು ಹಿಡಿಯುವುದು ಆ ಓದಿನ ಬಲದಿಂದಲೇ. ಇಷ್ಟು ಎಚ್ಚರದ ನಾಯಕ, ಪಕ್ಕದಲ್ಲಿ ಸ್ಪಾಕ್ ಎಂಬ ತರ್ಕಶಿರೋಮಣಿ ಅಧಿಕಾರಿ, ಇಬ್ಬರಿಗೂ ಇದರಲ್ಲಿ ಅಪಾಯ ಕಾಣಲಿಲ್ಲ ಎಂದರೆ ಆ ಪಾತ್ರಗಳ ಬಗ್ಗೆ ಧಾರಾವಾಹಿ ನಮಗೆ ಕೊಟ್ಟ ಮಾತು ಸುಳ್ಳಾಗುತ್ತದೆ. ಇದನ್ನು ತೆಗೆದರೆ ಕಥೆಯೇ ಮುಂದೆ ಹೋಗುವುದಿಲ್ಲ. 1982ರ ಸಿನಿಮಾದಲ್ಲಿ ಇನ್ನೂ ದೊಡ್ಡದಿದೆ. ಆರನೆಯ ಗ್ರಹ ಸ್ಫೋಟಿಸಿ, ಐದನೆಯದರ ಕಕ್ಷೆ ಸರಿದು, ಚೆಕೋವ್ ಇದ್ದ ನೌಕೆಯವರು ಐದನ್ನೇ ಆರೆಂದು ತಿಳಿದು ಇಳಿಯುತ್ತಾರೆ. ಸೂರ್ಯನ ಸುತ್ತ ಇರುವ ಗ್ರಹಗಳಲ್ಲಿ ಒಂದು ಕಾಣೆಯಾದದ್ದನ್ನು ನಕ್ಷತ್ರಗಳ ನಡುವೆ ಓಡಾಡುವ ವಿಜ್ಞಾನನೌಕೆ ಎಣಿಸಿ ನೋಡಲಿಲ್ಲ. ಚೆಕೋವ್‌ನ ಮುಖದ ಬಗ್ಗೆ ನಲವತ್ತು ವರ್ಷ ಚರ್ಚೆ ಮಾಡಿದವರು ಇದನ್ನು ಸಲೀಸಾಗಿ ಬಿಟ್ಟುಬಿಡುವುದು ನನಗೆ ಸೋಜಿಗ. ಸಿನಿಮಾದ ಓಟ ಅಷ್ಟು ಬಿರುಸು ಎಂಬುದೊಂದೇ ಉತ್ತರ.

ಇದೇ ಕಂತಿನಲ್ಲಿ ಮೂರನೆಯ ಬಗೆಯ ತಪ್ಪೊಂದಿದೆ. ಅದು ಬರೆದಾಗ ತಪ್ಪಾಗಿರಲಿಲ್ಲ, ಕಾಲ ಕಳೆದು ತಪ್ಪಾಯಿತು. ಖಾನ್ 1992ರಿಂದ 1996ರ ತನಕ ಏಷ್ಯಾದಿಂದ ಮಧ್ಯಪ್ರಾಚ್ಯದವರೆಗೆ, ಭೂಮಿಯ ಕಾಲುಭಾಗಕ್ಕಿಂತ ಹೆಚ್ಚು ನೆಲವನ್ನು ಆಳಿದ ಎಂದು ಸ್ಪಾಕ್ ಹೇಳುತ್ತಾನೆ. 1967ರಲ್ಲಿ ಅದು ಸಾಕಷ್ಟು ದೂರದ ಭವಿಷ್ಯ. ನಾವು ಆ ನಾಲ್ಕು ವರ್ಷಗಳನ್ನು ಇಲ್ಲೇ ಬದುಕಿ ದಾಟಿದೆವು. ಖಾನನ ಆಡಳಿತದಲ್ಲಿ ಉಡುಪಿ ಇನ್ನೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಅವನು ಓಡಿಹೋದ ಮರುವರ್ಷ, 1997ರ ಆಗಸ್ಟಿನಲ್ಲಿ, ನಮಗೆ ಸ್ವಂತ ಜಿಲ್ಲೆ ಸಿಕ್ಕಿತು. ಅವನ ಒಂದು ಸುತ್ತೋಲೆಯೂ ಇಲ್ಲಿಗೆ ತಲುಪಿದ ದಾಖಲೆ ಇಲ್ಲ! ಖಾನ್ ಮಲಗಿದ್ದು ಸುಮಾರು ಎರಡು ಶತಮಾನ ಎಂದೂ ಆ ಕಂತಿನಲ್ಲಿ ಬರುತ್ತದೆ. ಅಂದರೆ ಕಥೆ ನಡೆಯುವುದು 2196ರ ಹೊತ್ತಿಗೆ. ಆದರೆ ಮುಂದೆ ಆ ಲೋಕದ ಅಧಿಕೃತ ಕಾಲಗಣನೆ ನಿಂತದ್ದು 2260ರ ದಶಕದಲ್ಲಿ. ಎಪ್ಪತ್ತು ವರ್ಷ ಎಲ್ಲಿಗೆ ಹೋಯಿತು?

ಇದಕ್ಕೂ ತೇಪೆ ಬಂತು. 2023ರಲ್ಲಿ ಪ್ರಸಾರವಾದ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಎಂಬ ಹೊಸ ಧಾರಾವಾಹಿಯಲ್ಲಿ ಖಾನನ ವಂಶದ ಒಬ್ಬ ಹೆಣ್ಣುಮಗಳು ಕಾಲದಲ್ಲಿ ಹಿಂದೆ ಸರಿದು ಇಪ್ಪತ್ತೊಂದನೆಯ ಶತಮಾನದ ಟೊರಾಂಟೊಕ್ಕೆ ಬರುತ್ತಾಳೆ. ಇದೆಲ್ಲ 1992ರಲ್ಲೇ ನಡೆಯಬೇಕಿತ್ತು, ಕಾಲಪಯಣಿಗರು ಇತಿಹಾಸದಲ್ಲಿ ಕೈಯಾಡಿಸಿ ಆಡಿಸಿ ಎಲ್ಲವೂ ಮುಂದಕ್ಕೆ ಹೋಗಿದೆ ಎಂದು ಶತ್ರುಪಕ್ಷದ ಗೂಢಚಾರಿಣಿ ಗೊಣಗುತ್ತಾಳೆ. ಖಾನ್ ಅಲ್ಲಿ ಇನ್ನೂ ಪುಟ್ಟ ಹುಡುಗ. ಪಂಚಾಂಗ ತಪ್ಪಿದ್ದನ್ನೇ ಕಥೆಯ ಒಂದು ಘಟನೆ ಮಾಡಿಬಿಟ್ಟರು. ಅಭಿಮಾನಿಗಳಲ್ಲಿ ಅರ್ಧ ಜನ ಇದನ್ನು ಜಾಣತನ ಎಂದರು, ಅರ್ಧ ಜನ ಕಳ್ಳದಾರಿ ಎಂದರು. ನಾನು ಮೊದಲ ಗುಂಪಿನವನು. ಕಾಲಪಯಣದಿಂದ ಇತಿಹಾಸ ಬದಲಾಗುತ್ತದೆ ಎಂಬುದು ಆ ಕಥಾಲೋಕ ಮೊದಲಿನಿಂದಲೂ ಕೊಟ್ಟ ಮಾತು. ಅದನ್ನು ಬಳಸಿಯೇ ತೇಪೆ ಹಾಕಿದ್ದಾರೆ, ಹೊರಗಿನ ಬಟ್ಟೆ ತಂದಿಲ್ಲ.

ಇಲ್ಲಿಂದ ಮೂರನೆಯ ಭಾಗಕ್ಕೆ ದಾಟುತ್ತೇನೆ. ತೂತನ್ನು ಕಂಡವರು ಏನು ಮಾಡಬೇಕು, ಮುಚ್ಚುವ ಹೊಣೆ ಯಾರದು?

ಈ ವಿಷಯದಲ್ಲಿ ನಮ್ಮ ಕರಾವಳಿಗೆ ಇರುವ ಅನುಭವ ದೊಡ್ಡದು. ಯಕ್ಷಗಾನವನ್ನೇ ತೆಗೆದುಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಬಂದ ದೇವೇಂದ್ರನ ವೇಷ ಒಬ್ಬರದು, ಬೆಳಗಿನ ಜಾವ ಅದೇ ದೇವೇಂದ್ರನಾಗಿ ಬರುವವರು ಇನ್ನೊಬ್ಬರು. ಎತ್ತರ ಬೇರೆ, ಸ್ವರ ಬೇರೆ. ಒಬ್ಬ ಪ್ರೇಕ್ಷಕರೂ ಗೊಣಗುವುದಿಲ್ಲ. ರಾಜ ರಂಗಸ್ಥಳದಲ್ಲಿ ಒಂದೆರಡು ಸುತ್ತು ಬಂದರೆ ಅಯೋಧ್ಯೆಯಿಂದ ಲಂಕೆಗೆ ತಲುಪಿದ ಹಾಗೆ. ಏಕೆಂದರೆ ಆ ಲೋಕದ ಕಟ್ಟಳೆ ಹಾಗೆಂದು ಚೆಂಡೆ ಬಡಿಯುವ ಮೊದಲೇ ತೀರ್ಮಾನವಾಗಿದೆ. ಅದೇ ಪ್ರೇಕ್ಷಕರು ಪಾತ್ರಧಾರಿ ತಾನು ಸ್ವಲ್ಪ ಹೊತ್ತಿನ ಮುಂಚೆ ಆಡಿದ ಮಾತಿಗೆ ವಿರುದ್ಧವಾದ ಮಾತು ಆಡಿದರೆ ಬಿಡುವುದಿಲ್ಲ. ಮುಖ ಬದಲಾದರೆ ಕ್ಷಮೆ ಉಂಟು, ಮಾತು ಬದಲಾದರೆ ಇಲ್ಲ.

ತಾಳಮದ್ದಲೆ ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿತು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕುಳಿತು ಆ ಪಾತ್ರಗಳಾಗಿ ವಾದಿಸುತ್ತಾರೆ. ಮಲ್ಪೆಯ ಸಾಮಗ ಸಹೋದರರು, ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಈ ಕಲೆಯನ್ನು ಎಷ್ಟು ಎತ್ತರಕ್ಕೆ ಒಯ್ದರೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ವಾಲಿವಧೆಯ ಪ್ರಸಂಗ ನೋಡಿ. ರಾಮಾಯಣವನ್ನು ಓದಿದ ಪ್ರತಿಯೊಬ್ಬರಿಗೂ ಎದುರಾಗುವ ಪ್ರಶ್ನೆ ಅಲ್ಲಿದೆ: ಧರ್ಮಮೂರ್ತಿಯಾದವನು ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ? ಆ ಪ್ರಶ್ನೆಯನ್ನು ಹೊರಗಿನ ವಿಮರ್ಶಕ ಎತ್ತಲಿಲ್ಲ, ಎದೆಗೆ ಬಾಣ ನೆಟ್ಟ ವಾಲಿಯೇ ಎತ್ತುತ್ತಾನೆ. ನಿನಗೂ ನನಗೂ ಏನು ಹಗೆ, ವಾನರನಾದ ನನ್ನ ಮಾಂಸ ತಿನ್ನುವಂಥದ್ದೇ, ಸುಗ್ರೀವನಿಂದ ಆಗುವ ಕೆಲಸ ನನ್ನಿಂದ ಆಗುತ್ತಿರಲಿಲ್ಲವೇ ಎಂದು ಒಂದೊಂದೇ ಸಂದಿಗೆ ಬೆರಳು ತೂರಿಸುತ್ತಾನೆ. ರಾಮ ಉತ್ತರ ಕೊಡಬೇಕು: ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ದಂಡನೆ, ಭರತನ ಆಳ್ವಿಕೆಯ ನೆಲ, ಬೇಟೆಯ ನ್ಯಾಯ. ಉತ್ತರ ಎಲ್ಲರಿಗೂ ಒಪ್ಪಿಗೆಯಾಯಿತೆಂದಲ್ಲ. ಒಪ್ಪಿಗೆಯಾಗಿದ್ದರೆ ನೂರಾರು ವರ್ಷಗಳಿಂದ ಅದೇ ಪ್ರಸಂಗವನ್ನು ಯಾಕೆ ಮತ್ತೆ ಮತ್ತೆ ಇಡುತ್ತಿದ್ದೆವು? ಮಹಾಕವಿ ತೂತನ್ನು ಮುಚ್ಚಿಡದೆ ನಡುಮನೆಯಲ್ಲಿ ಇಟ್ಟ; ಅರ್ಥಧಾರಿಗಳ ಪ್ರತಿಭೆಗೆ ಅದೇ ಅಂಗಳವಾಯಿತು. ಕರ್ಕ್ ಕೈಪಿಡಿ ಕೊಟ್ಟಾಗ ಸ್ಪಾಕ್ ಒಂದೇ ಒಂದು ಆಕ್ಷೇಪ ಎತ್ತಿದ್ದರೂ ಸಾಕಿತ್ತು. ಉತ್ತರ ದುರ್ಬಲವಾಗಿದ್ದರೂ ಪ್ರಶ್ನೆಯನ್ನು ಕಥೆ ಕೇಳಿಸಿಕೊಂಡಿದೆ ಎಂದು ನಮಗೆ ಗೊತ್ತಾಗುತ್ತಿತ್ತು.

ವಿರೋಧಗಳನ್ನೇ ಕಥನವಾಗಿಸುವ ಇನ್ನೊಂದು ದಾರಿಯೂ ಇದೆ, ಅದೂ ನಮ್ಮ ಮಲ್ಪೆಯಲ್ಲೇ. ಉಡುಪಿಯ ರಕ್ಷಿತ್ ಶೆಟ್ಟಿಯವರು 2014ರಲ್ಲಿ ಮಾಡಿದ ‘ಉಳಿದವರು ಕಂಡಂತೆ’ಯಲ್ಲಿ ಅಷ್ಟಮಿಯ ಹೊತ್ತಿನ ಒಂದು ಘಟನೆಯ ಬಗ್ಗೆ ಪತ್ರಕರ್ತೆಯೊಬ್ಬಳು ಹಲವರ ಮಾತನ್ನು ಒಟ್ಟುಮಾಡುತ್ತಾಳೆ. ಒಬ್ಬರು ಕಂಡ ರಿಚ್ಚಿ ಇನ್ನೊಬ್ಬರು ಕಂಡ ರಿಚ್ಚಿಯಲ್ಲ. ಕುರೊಸಾವಾ 1950ರಲ್ಲಿ ‘ರಾಶೊಮಾನ್’ನಲ್ಲಿ ತೆರೆದ ದಾರಿ ಇದು. ಇಲ್ಲಿ ಕಂಟಿನ್ಯುಟಿ ತಪ್ಪಿದೆ ಎಂದು ದೂರುವಂತಿಲ್ಲ, ಏಕೆಂದರೆ ತಪ್ಪುತ್ತದೆ ಎಂಬುದೇ ಶೀರ್ಷಿಕೆಯಲ್ಲಿ ಕೊಟ್ಟ ಮಾತು. ಆದರೆ ಈ ಸ್ವಾತಂತ್ರ್ಯಕ್ಕೆ ಎದುರಾಗಿ ಕೆಲಸ ಹೆಚ್ಚುತ್ತದೆ. ಯಾವ ವ್ಯತ್ಯಾಸ ಸಾಕ್ಷಿಯದು, ಯಾವುದು ಚಿತ್ರತಂಡದ ಅಜಾಗರೂಕತೆ ಎಂದು ಪ್ರೇಕ್ಷಕರು ಗೊಂದಲಕ್ಕೆ ಬೀಳಬಾರದಲ್ಲ.

ಪವನ್ ಕುಮಾರ್ ಅವರ ‘ಲೂಸಿಯಾ’, 2013ರದು, ನಮ್ಮ ಚರ್ಚೆಗೆ ಇನ್ನೂ ಹತ್ತಿರ. ಚಿತ್ರಮಂದಿರದಲ್ಲಿ ಟಾರ್ಚು ಹಿಡಿದು ಸೀಟು ತೋರಿಸುವ ನಿಕ್ಕಿಯ ಬದುಕು ಬಣ್ಣದಲ್ಲಿ, ಸಿನಿಮಾ ತಾರೆಯ ಬದುಕು ಕಪ್ಪುಬಿಳುಪಿನಲ್ಲಿ. ಕಪ್ಪುಬಿಳುಪು ಕನಸು ಎಂದು ನಾವು ನಂಬುತ್ತ ಹೋದದ್ದು ಕೊನೆಗೆ ತಿರುಗಿ ಬೀಳುತ್ತದೆ. ನಿಕ್ಕಿಯ ಲೋಕದಲ್ಲಿ ಎಲ್ಲಾದರೂ ಕಾರ್ಯಕಾರಣ ಸಡಿಲಿದ್ದರೆ ಅದಕ್ಕೆ ಉತ್ತರ ಸಿದ್ಧ: ಅದು ಕನಸು. ಆ ಚಿತ್ರದಲ್ಲಿ ಇದು ಸಲ್ಲುತ್ತದೆ, ಏಕೆಂದರೆ ಮೊದಲ ದೃಶ್ಯಗಳಿಂದಲೇ ಮಾತ್ರೆ, ನಿದ್ದೆ, ಕನಸು ಎಂದು ಚಿತ್ರ ಹೇಳುತ್ತಲೇ ಬಂದಿದೆ. ಆದರೆ ವಿದ್ಯಾರ್ಥಿಮಿತ್ರರಿಗೆ ಒಂದು ಎಚ್ಚರಿಕೆ. ಕನಸು ಎಂಬುದು ಎಲ್ಲ ಬೀಗಕ್ಕೂ ಆಗುವ ಕೀಲಿ. ಅಂಥ ಕೀಲಿ ಕೈಯಲ್ಲಿದ್ದವರು ಬೀಗ ಮಾಡುವುದನ್ನು ಕಲಿಯುವುದಿಲ್ಲ. ಕಿರುಚಿತ್ರ ಸ್ಪರ್ಧೆಗಳಲ್ಲಿ ಕಡೆಯ ದೃಶ್ಯದಲ್ಲಿ ನಾಯಕ ಬೆಚ್ಚಿ ಏಳುವುದನ್ನು ನೋಡಿ ನೋಡಿ ತೀರ್ಪುಗಾರರೂ ಬೆಚ್ಚುವುದನ್ನು ಬಿಟ್ಟಿದ್ದಾರೆ.

ನಿಮ್ಮಲ್ಲಿ ಯಾರಾದರೂ ವೈಜ್ಞಾನಿಕ ಕಥೆಯನ್ನೇ ಮಾಡುವುದಾದರೆ ಅನ್ಯಗ್ರಹಕ್ಕೆ ಬಹಳ ದೂರ ಹೋಗಬೇಕಾಗಿಲ್ಲ. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಿ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುವ ಕಾಲದಲ್ಲಿ ಉಕ್ಕಿ ತಣಿದ ಶಿಲೆಯ ಷಟ್ಕೋನದ ಕಂಬಗಳು ಅಲ್ಲಿವೆ. ಯಾವ ಗ್ರಹಕ್ಕೂ ಒಪ್ಪುತ್ತವೆ. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ, ಭರತ ಇಳಿತಗಳ ನಡುವೆ ಕಲ್ಲುಗಳ ಅರ್ಧ ಮೈ ಕಾಣೆಯಾಗುತ್ತದೆ, ಹಾಗಾಗಿ ಒಂದು ದೃಶ್ಯವನ್ನು ಒಂದೇ ಇಳಿತದಲ್ಲಿ ಮುಗಿಸಿಕೊಳ್ಳಿ. ಮತ್ತೆ, ಹಿನ್ನೆಲೆಯ ತೆಂಗಿನ ಮರಗಳಿಗೆ ನಿಮ್ಮ ಕಥೆಯಲ್ಲಿ ಏನಾದರೊಂದು ಕಾರಣ ಇರಲಿ. ಕಾರಣ ಎಷ್ಟೇ ವಿಚಿತ್ರವಾದರೂ ಚಿಂತೆಯಿಲ್ಲ.

ಇನ್ನು ಕೊನೆಯ ಭಾಗ, ಕಾಲದ ಲೆಕ್ಕ.

ಕಕುದ್ಮಿ ಎಂಬ ರಾಜ ಮಗಳು ರೇವತಿಗೆ ವರ ಯಾರೆಂದು ಕೇಳಲು ಅವಳನ್ನು ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಂಧರ್ವರ ಗಾನ ನಡೆಯುತ್ತಿದೆ. ಮುಗಿಯಲಿ ಎಂದು ಕ್ಷಣಕಾಲ ಕಾಯುತ್ತಾನೆ. ಆಮೇಲೆ ತಾನು ಆಯ್ದಿಟ್ಟ ವರರ ಹೆಸರು ಹೇಳಿದಾಗ ಬ್ರಹ್ಮ ನಗುತ್ತಾನೆ. ನೀನು ಕಾಯುವಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗಗಳು ಕಳೆದವು, ಅವರ ಮೊಮ್ಮಕ್ಕಳ ಹೆಸರೂ ಉಳಿದಿಲ್ಲ. ಹೋಗಿ ಬಲರಾಮನಿಗೆ ಕೊಡು ಎನ್ನುತ್ತಾನೆ. ಇದರಲ್ಲಿ ಐನ್‌ಸ್ಟೈನರನ್ನು ಕಾಣುವವರ ಜತೆ ನಾನಿಲ್ಲ. ನನಗೆ ಬೆರಗು ಹುಟ್ಟಿಸುವುದು ಕಥೆ ಹೇಳಿದವರ ಎಚ್ಚರ. ಹಳೆಯ ಯುಗದವರು ಈಗಿನವರಿಗಿಂತ ಎತ್ತರ ಎಂಬುದು ಪುರಾಣಲೋಕದ ಕಟ್ಟಳೆ. ಹಾಗಾದರೆ ರೇವತಿ ಬಲರಾಮನ ಪಕ್ಕ ನಿಂತರೆ ಹೇಗೆ ಕಂಡಾಳು? ಪುರಾಣಕಾರರಿಗೆ ಇದು ಹೊಳೆದಿದೆ. ಬಲರಾಮ ನೇಗಿಲ ತುದಿಯಿಂದ ಅವಳನ್ನು ಬಗ್ಗಿಸಿ ತನ್ನ ಕಾಲದ ಎತ್ತರಕ್ಕೆ ಇಳಿಸಿಕೊಂಡ ಎಂದು ವಿಷ್ಣುಪುರಾಣದಲ್ಲಿ ಬರುತ್ತದೆ. ಕಂಟಿನ್ಯುಟಿ ನೋಡಿಕೊಳ್ಳುವ ಸಹಾಯಕರೊಬ್ಬರು ಅಲ್ಲಿ ಇದ್ದಿರಲೇಬೇಕು!

27 ಎಂಬ ಸಂಖ್ಯೆಯನ್ನೂ ಗಮನಿಸಿ. ಕಕುದ್ಮಿ ವೈವಸ್ವತ ಮನುವಿನ ಮಗ ಶರ್ಯಾತಿಯ ಪೀಳಿಗೆಯವನು, ಅಂದರೆ ಈ ಮನ್ವಂತರದ ಆರಂಭದವನು. ಮೊದಲ ಚತುರ್ಯುಗದಿಂದ 27 ದಾಟಿದರೆ ಬರುವುದು ಇಪ್ಪತ್ತೆಂಟನೆಯದು. ನಿಮ್ಮ ಮನೆಯ ಪೂಜೆಯಲ್ಲಿ ಸಂಕಲ್ಪ ಹೇಳುವಾಗ ಪುರೋಹಿತರು ಕಾಲವನ್ನು ಗುರುತಿಸುವುದು ಯಾವ ಸಂಖ್ಯೆಯಿಂದ ಎಂದು ನೆನಪಿಸಿಕೊಳ್ಳಿ: ವೈವಸ್ವತ ಮನ್ವಂತರದ ಇಪ್ಪತ್ತೆಂಟನೆಯ ಕಲಿಯುಗ. ಲೆಕ್ಕ ಕೂಡಿಬರುತ್ತದೆ. ಸ್ಟಾರ್ ಟ್ರೆಕ್‌ನವರಿಗೆ ಎಪ್ಪತ್ತು ವರ್ಷ ಕೂಡಿಸಲಾಗದ ಕಡೆ ನಮ್ಮವರು ಕೋಟ್ಯಂತರ ವರ್ಷಗಳನ್ನು ತಾಳೆ ಹಾಕಿದ್ದಾರೆ. ಮಲ್ಪೆಯ ವಡಭಾಂಡೇಶ್ವರದಲ್ಲಿ ಬಲರಾಮನ ಗುಡಿಗೆ ಹೋಗುವವರು ಈ ಕಥೆಯನ್ನೂ ಜತೆಗೆ ಒಯ್ಯಬಹುದು.

ಎಲ್ಲೆಡೆ ಲೆಕ್ಕ ಇಷ್ಟು ಸಲೀಸಾಗಿ ಕೂಡಿಬರುವುದಿಲ್ಲ. ವಿರಾಟಪರ್ವದ ಗೋಗ್ರಹಣದ ಸಂದರ್ಭವನ್ನು ನೋಡಿ. ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನ ಕೌರವಸೇನೆಯ ಎದುರು ಗುರುತು ಸಿಕ್ಕುವಂತೆ ನಿಲ್ಲುತ್ತಾನೆ. ದುರ್ಯೋಧನನಿಗೆ ಸಂಭ್ರಮ. ಹದಿಮೂರು ವರ್ಷ ತುಂಬುವ ಮೊದಲೇ ಕಾಣಿಸಿಕೊಂಡರೆ ಮತ್ತೆ ಹನ್ನೆರಡು ವರ್ಷ ವನವಾಸ ಎಂಬುದು ಒಪ್ಪಂದ. ಅವಧಿ ತುಂಬಿದೆಯೋ ಇಲ್ಲವೋ? ಇಡೀ ಮಹಾಭಾರತ ಈ ಒಂದು ತೂತಿನ ಅಂಚಿನಲ್ಲಿ ನಿಲ್ಲುತ್ತದೆ. ಕವಿ ಇಲ್ಲೂ ಪ್ರಶ್ನೆಯನ್ನು ಪಾತ್ರದ ಬಾಯಲ್ಲೇ ಎತ್ತಿಸಿ, ಉತ್ತರಕ್ಕೆ ಭೀಷ್ಮನನ್ನು ಕರೆಯುತ್ತಾನೆ. ಭೀಷ್ಮ ಹೇಳುವುದು ಅಧಿಕಮಾಸದ ಲೆಕ್ಕ. ಐದೈದು ವರ್ಷಕ್ಕೆ ಎರಡು ತಿಂಗಳು ಹೆಚ್ಚು ಬರುತ್ತವೆ. ಹದಿಮೂರು ವರ್ಷಕ್ಕೆ ಐದು ತಿಂಗಳು ಹನ್ನೆರಡು ರಾತ್ರಿ ಹೆಚ್ಚಾಗಿವೆ. ಪಾಂಡವರು ಅವಧಿ ಮುಗಿಸಿಯೇ ಬಂದಿದ್ದಾರೆ. ವಾದ ಮುಗಿಯಿತು, ಯುದ್ಧ ಶುರುವಾಯಿತು.

ಆದರೆ ಭೀಷ್ಮ ಕೊಟ್ಟ ಸೂತ್ರವನ್ನೇ ಹಿಡಿದು ನೀವು ಗುಣಿಸಿ ನೋಡಿ. ಐದು ವರ್ಷಕ್ಕೆ ಎರಡು ತಿಂಗಳಾದರೆ ಹದಿಮೂರಕ್ಕೆ ಐದೂ ಕಾಲಂಶವೂ ಇಲ್ಲ, ಐದು ತಿಂಗಳು ಮತ್ತು ತಿಂಗಳಿನ ಐದನೆಯ ಒಂದು ಪಾಲು. ಅಂದರೆ ಐದು ತಿಂಗಳು ಆರು ದಿನ. ಭೀಷ್ಮ ಹೇಳಿದ್ದು ಹನ್ನೆರಡು. ಆರು ದಿನ ಹೆಚ್ಚು. ತೀರ್ಪು ಇದರಿಂದ ಬದಲಾಗದು, ಪಾಂಡವರ ಕೈಯಲ್ಲಿ ಇನ್ನೂ ತಿಂಗಳುಗಳೇ ಉಳಿದಿವೆ. ಆದರೆ ತಾಳಮದ್ದಲೆಯ ಕೂಟದಲ್ಲಿ ಕೌರವನ ಅರ್ಥ ಹೇಳುವವರು ಒಂದು ರಾತ್ರಿ ಕಾಗದ ಪೆನ್ಸಿಲು ತೆಗೆದು, ಅಜ್ಜಯ್ಯ, ಆ ಆರು ದಿನ ಎಲ್ಲಿಂದ ಬಂತು ಎಂದು ಕೇಳಿದರೆ ಎದುರಿನ ಭೀಷ್ಮ ಏನು ಹೇಳಬೇಕು? ಸೂರ್ಯಚಂದ್ರರ ಗತಿಯ ಬೇರೆ ಸೂಕ್ಷ್ಮಗಳನ್ನು ಎತ್ತಿಕೊಳ್ಳಬಹುದು. ತನ್ನ ಎಣಿಕೆ ಹೀಗೆ ಎಂದಷ್ಟೇ ತಾನು ಹೇಳಿದ್ದು, ಪ್ರಮಾಣ ಮಾಡಿಲ್ಲ ಎಂದು ಜಾರಿಕೊಳ್ಳಲೂಬಹುದು. ಮೂಲದಲ್ಲಿ ಅದಕ್ಕೆ ಆಧಾರವಿದೆ. ಸಭೆಯಲ್ಲಿ ಅರ್ಥಧಾರಿಗಳು ಕೆಲವರು ಇದ್ದೀರಿ. ನಿಮ್ಮ ಉತ್ತರವನ್ನು ಕೇಳಲು ಸಭಾಧ್ಯಕ್ಷರು ಹತ್ತು ನಿಮಿಷ ಉಳಿಸಿಕೊಟ್ಟಿದ್ದಾರೆ.